ಬಿಗಿಯುವ ಸ್ನಾಯು, ಬಿಟ್ಟುಕೊಡುವ ಸ್ನಾಯು

ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಅದಕ್ಕೇ ಕೀಲುಗಳಲ್ಲಿ ಎದುರುಬದುರಾಗಿ ಎಳೆಯುವ ಸ್ನಾಯುಗಳಿವೆ. ತೊಡೆಯ ಮುಂಭಾಗದ ಸ್ನಾಯುಗಳು ಬಿಗಿದರೆ ಮಂಡಿ ನೆಟ್ಟಗಾಗುತ್ತದೆ, ಹಿಂಭಾಗದವು ಬಿಗಿದರೆ ಮಡಚಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಪೂರ್ತಿ ಬಿಗಿದರೆ ಕಾಲು ಸೆಟೆದು ನಿಲ್ಲುತ್ತದೆ, ಅಷ್ಟೆ. ಹಾಗಾಗಿ ಒಂದು ಸ್ನಾಯುವಿಗೆ ಬಿಗಿಯುವ ಆಜ್ಞೆ ಹೊರಟಾಗ ಅದರ ಎದುರಾಳಿಯನ್ನು ಸುಮ್ಮನಿರಿಸುವ ಕೆಲಸವೂ ನಡೆಯಬೇಕು. ನರಮಂಡಲದ ಕೆಲಸಗಳಲ್ಲಿ ನನಗೆ ಹೆಚ್ಚು ಬೆರಗು ತರುವುದು ಇದೇ.

ವೈದ್ಯರು ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡುವ ಪರೀಕ್ಷೆಯಲ್ಲಿ ಇದನ್ನು ಕಾಣಬಹುದು. 1875ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಎರ್ಬ್ ಮತ್ತು ಕಾರ್ಲ್ ವೆಸ್ಟ್‌ಫಾಲ್ ಈ ಪರೀಕ್ಷೆಯನ್ನು ಬೇರೆಬೇರೆಯಾಗಿ ವಿವರಿಸಿದರು. ಪೆಟ್ಟು ಬಿದ್ದಾಗ ಅಲ್ಲಿನ ಸ್ನಾಯುರಜ್ಜು ತುಸು ಒಳಸರಿದು ತೊಡೆಯ ಮುಂಭಾಗದ ಸ್ನಾಯು ಕೂದಲೆಳೆಯಷ್ಟು ಹಿಗ್ಗುತ್ತದೆ. ಸ್ನಾಯುವಿನೊಳಗೆ ಹುದುಗಿರುವ, ಕೆಲವೇ ಮಿಲಿಮೀಟರ್ ಉದ್ದದ ಕದಿರಿನಾಕಾರದ ಸಂವೇದಕಗಳಿಗೆ ಅಷ್ಟು ಸಾಕು. ಅವುಗಳಿಂದ ಹೊರಟ ಸಂಕೇತ ದೇಹದ ಅತಿ ವೇಗದ ನರತಂತುಗಳಲ್ಲಿ, ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಬೆನ್ನುಹುರಿಯನ್ನು ಸೇರುತ್ತದೆ. ಅಲ್ಲಿ ಅದಕ್ಕೆ ಎರಡು ದಾರಿ. ಒಂದು ಕವಲು ಅದೇ ಸ್ನಾಯುವಿನ ಕ್ರಿಯಾವಾಹಿ ನರಕೋಶವನ್ನು, ಅಂದರೆ ಸ್ನಾಯುವಿಗೆ ಬಿಗಿಯುವ ಆಜ್ಞೆ ಕಳಿಸುವ ನರಕೋಶವನ್ನು, ನೇರವಾಗಿ ಮುಟ್ಟಿ ಎಬ್ಬಿಸುತ್ತದೆ. ಇನ್ನೊಂದು ಕವಲು ನಡುವಿನ ಪುಟ್ಟ ನರಕೋಶವೊಂದನ್ನು ಮುಟ್ಟುತ್ತದೆ. ಅದು ತೊಡೆಯ ಹಿಂಭಾಗದ ಸ್ನಾಯುವಿಗೆ ಹೋಗುವ ನರಕೋಶವನ್ನು ಅಡಗಿಸುತ್ತದೆ. ಕಾಲು ಮುಂದಕ್ಕೆ ಚಿಮ್ಮುತ್ತದೆ. ಇದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ.

ಅಡಗಿಸುವ ಈ ಕೆಲಸ ಬೆನ್ನುಹುರಿಯಲ್ಲೇ ಏಕೆ ನಡೆಯಬೇಕು? ಏಕೆಂದರೆ ನಮ್ಮ ಕೈಕಾಲುಗಳ ಸ್ನಾಯುಗಳಿಗೆ 'ಬಿಡು' ಎಂದು ಹೇಳುವ ನರವೇ ಇಲ್ಲ. ಅವುಗಳನ್ನು ತಲುಪುವ ಕ್ರಿಯಾವಾಹಿ ನರಗಳ ತುದಿ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತದೆ, ಸ್ನಾಯು ಬಿಗಿಯುತ್ತದೆ. ಚೆಲ್ಲದಿದ್ದರೆ ಸಡಿಲವಾಗಿರುತ್ತದೆ. ಎಬ್ಬಿಸುವ, ಅಡಗಿಸುವ ಸಾವಿರಾರು ಸಂಕೇತಗಳು ಬಂದು ಸೇರಿ ತೀರ್ಮಾನವಾಗುವುದು ಬೆನ್ನುಹುರಿಯ ಕ್ರಿಯಾವಾಹಿ ನರಕೋಶದಲ್ಲಿ. 1932ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಬ್ರಿಟನ್ನಿನ ನರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ಇದನ್ನು 'ಕೊನೆಯ ಸಮಾನ ಹಾದಿ' ಎಂದು ಕರೆದರು. ಎದುರುಬದುರು ಸ್ನಾಯುಗಳ ಈ ಹೊಂದಾಣಿಕೆಯನ್ನು ಪ್ರಯೋಗಗಳಿಂದ ತೋರಿಸಿದವರೂ ಅವರೇ.

ತಡೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಧನುರ್ವಾಯು ಕ್ರೂರವಾಗಿ ತೋರಿಸುತ್ತದೆ. ಗಾಯದಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಿಷ ನರಗಳ ಗುಂಟ ಬೆನ್ನುಹುರಿಗೆ ಏರಿ, ಅಡಗಿಸುವ ನರಕೋಶಗಳನ್ನು ಹೊಕ್ಕು, ಅವು ಗ್ಲೈಸೀನ್ ಮತ್ತು ಗಾಬಾ ಎಂಬ ರಾಸಾಯನಿಕಗಳನ್ನು ಬಿಡದಂತೆ ಮಾಡುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ. ಎದುರುಬದುರು ಸ್ನಾಯುಗಳೆಲ್ಲ ಒಮ್ಮೆಗೇ ಬಿಗಿಯುತ್ತವೆ, ಬಲಶಾಲಿಯಾದ ಬೆನ್ನಿನ ಸ್ನಾಯುಗಳು ಗೆದ್ದು ದೇಹ ಬಿಲ್ಲಿನಂತೆ ಬಾಗುತ್ತದೆ. ಬಾಗಿಲು ಬಡಿದ ಸದ್ದಿಗೂ ಮೈಯೆಲ್ಲ ಸೆಟೆಯಬಹುದು. ಲಸಿಕೆಯಿಂದ ತಡೆಯಬಹುದಾದ ರೋಗವಿದು. ಇದರಿಂದ ಇಂದಿಗೂ ಜನ ಸಾಯುತ್ತಿರುವುದು ಸಂಕಟದ ಸಂಗತಿ.

ಬೆನ್ನುಹುರಿ ತಾನಾಗಿ ಪ್ರತಿಕ್ರಿಯಿಸಿದರೂ ಮಿದುಳು ಮೇಲಿಂದ ಅದರ ಮೇಲೆ ಹಿಡಿತ ಇಟ್ಟಿರುತ್ತದೆ. ಪಾರ್ಶ್ವವಾಯುವಾದವರಲ್ಲಿ ಆ ಹಿಡಿತ ಸಡಿಲುತ್ತದೆ. ಮೊದಲು ಜೋಲುಬಿದ್ದ ಕಾಲು ದಿನಗಳುರುಳಿದಂತೆ ಸುತ್ತಿಗೆಯ ಪೆಟ್ಟಿಗೆ ಅತಿಯಾಗಿ ಚಿಮ್ಮತೊಡಗಬಹುದು. ಪೋಲಿಯೋದಲ್ಲಿ ಹೀಗಲ್ಲ. ಅಲ್ಲಿ ಕ್ರಿಯಾವಾಹಿ ನರಕೋಶವೇ ಸಾಯುವುದರಿಂದ ಪ್ರತಿಕ್ರಿಯೆ ಕುಗ್ಗುತ್ತದೆ, ಇಲ್ಲವೇ ಕಾಣೆಯಾಗುತ್ತದೆ. ಹಾನಿ ಮೇಲಿದೆಯೋ ಕೆಳಗಿದೆಯೋ ಎಂಬ ಸುಳಿವು ಆ ಪುಟ್ಟ ಸುತ್ತಿಗೆಗೇ ಸಿಕ್ಕಿಬಿಡುತ್ತದೆ.

ಅಂಗಾಲು ಕೂಡ ಇಂಥದೇ ಸುಳಿವು ಕೊಡುತ್ತದೆ. ಹಿಮ್ಮಡಿಯಿಂದ ಬೆರಳಿನತ್ತ ಗೀರಿದರೆ ಆರೋಗ್ಯವಂತ ವಯಸ್ಕರ ಕಾಲ್ಬೆರಳುಗಳು ಕೆಳಕ್ಕೆ ಬಾಗುತ್ತವೆ. ಹೆಬ್ಬೆರಳು ಮೇಲೆದ್ದರೆ ಮಿದುಳಿನಿಂದ ಇಳಿಯುವ ಹಾದಿಗೆ ಪೆಟ್ಟು ಬಿದ್ದಿರಬಹುದು ಎಂದು 1896ರಲ್ಲಿ ಪ್ಯಾರಿಸ್‌ನ ಜೋಸೆಫ್ ಬಾಬಿನ್‌ಸ್ಕಿ ತೋರಿಸಿದರು. ಎಳೆಗೂಸಿನ ಹೆಬ್ಬೆರಳು ಮೇಲೇಳುವುದು ಮಾತ್ರ ಸಹಜ. ಅದರಲ್ಲಿ ಆ ಹಾದಿ ಇನ್ನೂ ಬಲಿತಿರುವುದಿಲ್ಲ.