ಎಲೆ ಬೆದರಿದ್ದು ಹೊಗೆಗೋ, ಉಪ್ಪಿಗೋ?

ಕುಮಟಾ–ಅಂಕೋಲಾ ನಡುವೆ ಹೆದ್ದಾರಿ 66ಕ್ಕೆ ತಾಗಿದ ಗದ್ದೆಯಲ್ಲಿ ಬೇಸಿಗೆಯ ಶೇಂಗಾ ಎಲೆ ಮುಟ್ಟಿದರೆ ಬೆರಳಿಗೆ ಧೂಳು ಮೆತ್ತುತ್ತದೆ. ಧೂಳು ಕಣ್ಣಿಗೆ ಕಾಣುತ್ತದೆ, ಮಳೆ ಬಂದರೆ ತೊಳೆದೂ ಹೋಗುತ್ತದೆ. ಕಾಣದೇ ಕಾಟ ಕೊಡುವುದು ಓಝೋನ್ ಎಂಬ ಅನಿಲ. ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಬೇರೆ ಆವಿಗಳ ಜೊತೆ ಸೇರಿ ಅದು ಹುಟ್ಟುತ್ತದೆ. ತಮಾಷೆ ಅಂದರೆ, ರಸ್ತೆಯ ಬುಡದಲ್ಲಿಗಿಂತ ಗಾಳಿ ಹೋಗುವ ದಿಕ್ಕಿನಲ್ಲಿ ಸ್ವಲ್ಪ ದೂರದಲ್ಲೇ ಅದು ಜಾಸ್ತಿ ಇರಬಹುದು, ಯಾಕೆಂದರೆ ತಾಜಾ ಹೊಗೆಯೇ ಒಂದಿಷ್ಟು ಓಝೋನನ್ನು ನುಂಗಿಬಿಡುತ್ತದೆ.

ಎಲೆಯ ಸಣ್ಣ ರಂಧ್ರಗಳಿಂದ ಓಝೋನ್ ಒಳಗೆ ಹೋದಾಗ ಗಿಡ ಸುಮ್ನೆ ಇರುವುದಿಲ್ಲ. ಎಥಿಲೀನ್ ಬಿಡುತ್ತದೆ. ಸ್ಯಾಲಿಸಿಲಿಕ್ ಆಮ್ಲ, ಜಾಸ್ಮೋನಿಕ್ ಆಮ್ಲ ಏರುತ್ತವೆ. ರಂಧ್ರ ಮುಚ್ಚಿಸುವ ಕೆಲಸ ಅಬ್ಸಿಸಿಕ್ ಆಮ್ಲದ್ದು. ಇವೆಲ್ಲ ಗಿಡದ ಹಾರ್ಮೋನುಗಳು, ಅಂದರೆ ಗಿಡದೊಳಗೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳು. ಎಥಿಲೀನ್ ಕಥೆ ಶುರುವಾದದ್ದೂ ಕೆಟ್ಟ ಗಾಳಿಯಿಂದಲೇ: 1901ರಲ್ಲಿ ರಷ್ಯಾದ ನೆಲ್ಜುಬೋವ್, ಪ್ರಯೋಗಾಲಯದ ದೀಪದ ಗ್ಯಾಸಿನಲ್ಲಿದ್ದ ಎಥಿಲೀನಿನಿಂದ ಬಟಾಣಿ ಮೊಳಕೆಗಳು ಅಡ್ಡಡ್ಡ ಬೆಳೆಯುವುದನ್ನು ತೋರಿಸಿಕೊಟ್ಟರು.

ಹಾಗಾದರೆ ಹೊಗೆಯ ಕಾಟ ಎಷ್ಟು ಅಂತ ತಿಳಿಯಲು ಎಲೆ ಕಿತ್ತು ಈ ಹಾರ್ಮೋನುಗಳನ್ನು ಅಳೆದರೆ ಆಯ್ತು, ಅಲ್ವಾ? ಅಷ್ಟು ಸುಲಭ ಇಲ್ಲ. ಕೀಳುವುದೇ ಗಿಡಕ್ಕೆ ಒಂದು ಗಾಯ. ಕೆಲವೇ ನಿಮಿಷದಲ್ಲಿ ಜಾಸ್ಮೋನಿಕ್ ಆಮ್ಲ ಏರಿಬಿಡುತ್ತದೆ, ಆಮೇಲೆ ನೀವು ಅಳೆಯುವುದು ಹೊಗೆಯನ್ನಲ್ಲ, ನಿಮ್ಮ ಕತ್ತರಿಯನ್ನು. ಅದಕ್ಕೇ ಕತ್ತರಿಸಿದ ತಕ್ಷಣ, ಗದ್ದೆಯಲ್ಲೇ, ಎಲೆಯನ್ನು ದ್ರವ ಸಾರಜನಕಕ್ಕೆ ಹಾಕುತ್ತಾರೆ. ಮೈನಸ್ 196 ಡಿಗ್ರಿ. ಎಲೆ ಗಾಜಿನ ಚೂರಿನಂತಾಗುತ್ತದೆ. ಲ್ಯಾಬಿನಲ್ಲಿ ಅದು ಕರಗುವ ಮೊದಲೇ ಪುಡಿ ಮಾಡಿ, ಮೆಥನಾಲಿನಲ್ಲಿ ನೆನೆಸಿ, ರಸ ತೆಗೆದು, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುತ್ತಾರೆ. ಸಿಗುವುದು ಒಂದು ಗ್ರಾಂ ಎಲೆಗೆ ಕೆಲವು ನ್ಯಾನೋಗ್ರಾಂನ ಲೆಕ್ಕ. ಒಂದು ನ್ಯಾನೋಗ್ರಾಂ ಅಂದರೆ ಗ್ರಾಂನ ನೂರು ಕೋಟಿಯಲ್ಲೊಂದು ಭಾಗ. ದಾರಿಯಲ್ಲಿ ಎಷ್ಟು ಸೋರಿಹೋಯಿತು ಅಂತ ತಿಳಿಯಲು, ಭಾರದ ಹೈಡ್ರೋಜನ್ ಸೇರಿಸಿ ಮಾಡಿದ ಅದೇ ಹಾರ್ಮೋನನ್ನು ಗೊತ್ತಿರುವ ಪ್ರಮಾಣದಲ್ಲಿ ಮೊದಲೇ ಬೆರೆಸಿರುತ್ತಾರೆ. ಎಥಿಲೀನ್ ಅನಿಲವಾದ್ದರಿಂದ ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಪೇಚಾಟ ಇದೆ. ಅಘನಾಶಿನಿ ನದಿಯ ದಂಡೆಯಲ್ಲಿರುವ ಗಜನಿ ಎಂಬ ತಗ್ಗು ಗದ್ದೆಗಳಿಗೆ ಉಪ್ಪುನೀರು ನುಗ್ಗುತ್ತದೆ, ಅದಕ್ಕೆ ತಾಳಿಕೊಳ್ಳುವ ಕಗ್ಗ ಭತ್ತ ಅಲ್ಲಿ ಬೆಳೆಯುತ್ತಾರೆ. ಉಪ್ಪು ಹೆಚ್ಚಾದರೂ, ಬೇಸಿಗೆಯಲ್ಲಿ ನೀರು ಕಡಿಮೆಯಾದರೂ ಅಬ್ಸಿಸಿಕ್ ಆಮ್ಲ ಏರುತ್ತದೆ. ಅದೊಂದನ್ನೇ ಹಿಡಿದು ಹೆದ್ದಾರಿಯ ಮೇಲೆ ಗೂಬೆ ಕೂರಿಸಿದರೆ ತಪ್ಪಾದೀತು. ಹಾರ್ಮೋನು ಗಿಡಕ್ಕೆ ಕಷ್ಟ ಅನ್ನುತ್ತದೆ, ಯಾರಿಂದ ಅಂತ ಹೇಳುವುದಿಲ್ಲ.

ಯಾರಿಂದ ಅಂತ ತಿಳಿಯಬೇಕಾದರೆ ಒಂದೇ ಗದ್ದೆಯಲ್ಲಿ ಮೇಲ್ಭಾಗ ತೆರೆದ ಪ್ಲಾಸ್ಟಿಕ್ ಗೂಡುಗಳನ್ನು ಕಟ್ಟಿ, ಕೆಲವಕ್ಕೆ ಸೋಸಿದ ಗಾಳಿ, ಕೆಲವಕ್ಕೆ ಇದ್ದ ಗಾಳಿ ಹಾಯಿಸಬೇಕು. ಮಣ್ಣು ಅದೇ, ನೀರು ಅದೇ, ಉಪ್ಪೂ ಅದೇ. ಎಲೆಯನ್ನು ದಿನದ ಒಂದೇ ಹೊತ್ತಿಗೆ ಕೀಳಬೇಕು, ಏಕೆಂದರೆ ಈ ಹಾರ್ಮೋನುಗಳು ಹೊತ್ತಿಗೆ ತಕ್ಕಂತೆ ಏರಿಳಿಯುತ್ತವೆ. ಮಳೆಗಾಲದಲ್ಲಿ ಮೋಡ ಬಿಸಿಲನ್ನು ತಡೆಯುವುದರಿಂದ ಓಝೋನ್ ಹುಟ್ಟುವುದೂ ಕಡಿಮೆ. ಇಲ್ಲಿ ಯಾರಾದರೂ ಅಳೆಯಲು ಹೊರಟರೆ ಮಳೆಗಾಲದ ಭತ್ತವನ್ನು ಬಿಟ್ಟು ಬೇಸಿಗೆಯ ಶೇಂಗಾದಿಂದ ಶುರು ಮಾಡುವುದೇ ವಾಸಿ.