ನೋಡಿದ್ದು ಹೌದು, ಕಾಣಲಿಲ್ಲ

ಕಳೆದ ಮಳೆಗಾಲದಲ್ಲಿ ಪುಣೆಯ ಕರ್ವೆನಗರದ ಒಂದು ಚೌಕದಲ್ಲಿ, ನಮ್ಮ ಸೊಸೈಟಿಯ ವಾಚ್‌ಮನ್ ಕಾಕಾನ ಸೈಕಲ್ಲಿಗೆ ಇನ್ನೇನು ಕಾರು ಗುದ್ದಿಬಿಡುತ್ತಿದ್ದೆ. ಒಂದು ಗೇಣು ಉಳಿದಿತ್ತು, ಬ್ರೇಕ್ ಹಿಡಿಯಿತು. ಕಾಕಾ ಇಂಡಿ ಕಡೆಯವರು, ನನ್ನದು ಧಾರವಾಡ. ಮರಾಠಿಯಲ್ಲಿ ಬೈಯಲು ಬಾಯಿ ತೆಗೆದವರು ನನ್ನನ್ನು ನೋಡಿ ಕನ್ನಡಕ್ಕೆ ಇಳಿದರು: "ಏನ್ರೀ ಸಾಹೇಬ್ರ, ಮಾರಿ ನನ್ನ ಕಡೇನ ಇತ್ತಲ್ರೀ! ಕಾಣ್ಲಿಲ್ಲೇನು?"

ಕಾಣಲಿಲ್ಲ. ನೆವ ಹೇಳುತ್ತಿಲ್ಲ, ನಿಜವಾಗಿಯೂ ಕಾಣಲಿಲ್ಲ.

ಕಾರಿನ ಮುಂದಿನ ಗಾಜಿನ ಎರಡೂ ಪಕ್ಕ ಛಾವಣಿ ಹೊತ್ತ ಕಂಬ ಇರುತ್ತದಲ್ಲ, ಮೊದಲ ಕಳ್ಳ ಅದು. ಕಾರು ಪಲ್ಟಿಯಾದರೂ ಒಳಗಿದ್ದವರು ಉಳಿಯಲಿ ಅಂತ ಈಗಿನ ಕಾರುಗಳಲ್ಲಿ ಅದನ್ನು ದಪ್ಪ ಮಾಡಿದ್ದಾರೆ. ನಾನು ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದೇನೆ, ಬಲಗಡೆ ರಸ್ತೆಯಿಂದ ಕಾಕಾ 15ರಲ್ಲಿ ಬರುತ್ತಿದ್ದಾರೆ ಅಂದುಕೊಳ್ಳಿ. ಚೌಕಕ್ಕೆ ನಾನು 40 ಮೀಟರ್ ದೂರ ಇದ್ದಾಗ ಅವರು 20. ನಾನು 20 ಇದ್ದಾಗ ಅವರು 10. ಇಬ್ಬರೂ ಹತ್ತಿರವಾಗುತ್ತೇವೆ, ಆದರೆ ನನ್ನ ಕಣ್ಣಿಗೆ ಅವರ ದಿಕ್ಕು ಬದಲಾಗುವುದೇ ಇಲ್ಲ. ನೇರದಿಂದ ಬಲಕ್ಕೆ ಸುಮಾರು 27 ಡಿಗ್ರಿ, ಉದ್ದಕ್ಕೂ ಅಷ್ಟೇ. ಡ್ರೈವರ್ ಪಕ್ಕದ ಕಂಬ ಇರುವುದೂ ಹೆಚ್ಚುಕಡಿಮೆ ಅಲ್ಲೇ! ಬಸ್ಸಾಗಿದ್ದರೆ ಕಂಬದ ಆಚೆ ಈಚೆ ಒಂದಿಷ್ಟಾದರೂ ಕಾಣುತ್ತಿತ್ತು. ಸೈಕಲ್ ಪೂರ್ತಿ ಮುಚ್ಚಿಹೋಗಿ, ಕಂಬದ ಮರೆಯಲ್ಲೇ ಚೌಕದವರೆಗೂ ಬರುತ್ತದೆ. ಹಡಗಿನವರಿಗೆ ಇದು ಹಳೇ ಪಾಠ: ಎದುರಿನ ಹಡಗು ಹತ್ತಿರವಾಗುತ್ತಾ ಅದರ ದಿಕ್ಕು ಮಾತ್ರ ಬದಲಾಗದಿದ್ದರೆ ಡಿಕ್ಕಿ ಖಚಿತ. ಈಗ ಚೌಕ ಬಂದಾಗಲೆಲ್ಲ ನಾನು ಸೀಟಿನಲ್ಲೇ ಒಮ್ಮೆ ಮುಂದೆ ಬಗ್ಗಿ, ಒಮ್ಮೆ ಹಿಂದೆ ಸರಿದು ನೋಡುತ್ತೇನೆ. ಪಕ್ಕದಲ್ಲಿ ಕೂತ ಹೆಂಡತಿಗೆ ನಗು.

ಎರಡನೆಯ ಕಳ್ಳ ನಮ್ಮ ಕಣ್ಣೇ. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು. ಕಣ್ಣು ಹೊರಳಿದ್ದು ಕಂಡಿತಾ? ಇಲ್ಲ ಅಲ್ವಾ? ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿಯೇ ಕಾಣುತ್ತದೆ. ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಜಿಗಿಯುತ್ತದೆ. ಆ ಜಿಗಿತದ ಹೊತ್ತಿನಲ್ಲಿ ಮಿದುಳು ನೋಟವನ್ನು ಅದುಮಿಡುತ್ತದೆ. ಅದೂ ಅಲ್ಲದೆ, ತೀರಾ ಸ್ಪಷ್ಟವಾಗಿ ಕಾಣುವುದು ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಜಾಗ ಮಾತ್ರ. ಗಡಿಬಿಡಿಯಲ್ಲಿ ಸುಮ್ನೆ ಕತ್ತು ತಿರುಗಿಸಿದರೆ ಎರಡು ಜಿಗಿತದ ನಡುವೆ ಒಂದು ಸೈಕಲ್ ಕಳೆದುಹೋಗಲು ಬೇಕಾದಷ್ಟು ಜಾಗವಿದೆ.

ಇನ್ನು ಓವರ್‌ಟೇಕ್. ಒಂದು ಕಾಲಕ್ಕೆ ಸೈಕಲ್ಲಿಗೇ ಹೆಸರಾಗಿದ್ದ ಈ ಊರಿನಲ್ಲಿ ಈಗ, "ಸೈಕಲ್‌ನವರು ನೆಟ್ಟಗೆ ಹೋಗೋದೇ ಇಲ್ಲ" ಅನ್ನುವ ದೂರು. ನೆಟ್ಟಗೆ ಹೋದರೆ ಬೀಳುತ್ತಾರೆ! ಸೈಕಲ್ ವಾಲಿದ ಕಡೆಗೇ ಹ್ಯಾಂಡಲ್ ಚೂರು ಚೂರು ತಿರುಗುತ್ತಾ ಇರುವುದರಿಂದಲೇ ಅದು ನಿಂತಿರುವುದು. ಹ್ಯಾಂಡಲ್ ಅಲುಗದಂತೆ ಬಿಗಿದುಬಿಟ್ಟರೆ ಎಂಥ ನಿಪುಣನೂ ಕೆಳಗೆ. ನಿಧಾನವಾದಷ್ಟೂ ಓಲಾಟ ಜಾಸ್ತಿ, ಅಂದರೆ ಫ್ಲೈಓವರ್ ಏರುವವರಿಗೆ ಹೆಚ್ಚು ಜಾಗ ಬೇಕು. ಮಳೆಗಾಲದ ಗುಂಡಿಗಳ ಮಾತು ಬಿಡಿ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ 2022ರಲ್ಲಿ ಬದಲಾದಾಗ, ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ ದಾಟುವಾಗ ಕನಿಷ್ಠ 1.5 ಮೀಟರ್ ಬಿಡಿ ಎಂದು ಹೇಳಿತು. ಕಾರಿನ ಬಾಗಿಲನ್ನು ದೂರದ ಕೈಯಿಂದ ತೆಗೆಯಿರಿ ಎಂದೂ ಹೇಳಿತು. ಅಲ್ಲೂ ನಮ್ಮ ಹಾಗೆ ಸ್ಟಿಯರಿಂಗ್ ಬಲಗಡೆ. ಎಡಗೈ ಚಾಚಿ ಬಾಗಿಲು ತೆಗೆದರೆ ಭುಜ ತಾನಾಗೇ ತಿರುಗುತ್ತದೆ, ಹಿಂದಿನಿಂದ ಬರುವವರು ಕಾಣುತ್ತಾರೆ.

ಸೈಕಲ್ ಹೊಡೆಯುವವರ ಕೈಯಲ್ಲೂ ಒಂದು ಉಪಾಯವಿದೆ. ನನಗೆ ತುಂಬಾ ಹಿಡಿಸಿದ್ದು ಇದೇ. 1973ರಲ್ಲಿ ಸ್ವೀಡನ್ನಿನ ವಿಜ್ಞಾನಿ ಗುನ್ನಾರ್ ಯೊಹಾನ್ಸನ್, ಕತ್ತಲಲ್ಲಿ ಮನುಷ್ಯನ ಕೀಲುಗಳಷ್ಟೇ ಬೆಳಕಿನ ಚುಕ್ಕೆಗಳಾಗಿ ಕಾಣುವಂತೆ ಮಾಡಿ ಜನರಿಗೆ ತೋರಿಸಿದ. ಚುಕ್ಕೆ ಸುಮ್ಮನಿದ್ದಾಗ ಏನೂ ಗೊತ್ತಾಗಲಿಲ್ಲ. ಅಲುಗಿದ ತಕ್ಷಣ, "ಅರೆ, ಯಾರೋ ನಡೀತಿದ್ದಾರೆ!" ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರ್ ನಿಂತ ರಿಕ್ಷಾದ್ದೂ ಇರಬಹುದು, ಯಾವುದೋ ಗೇಟಿನದ್ದೂ ಇರಬಹುದು. ಏರಿ ಇಳಿಯುವ ಪಾದ ಮನುಷ್ಯನದ್ದೇ.

ಕಾಕಾನಿಗೆ ಹೊಳೆಯುವ ಪಟ್ಟಿ ತಂದುಕೊಟ್ಟೆ. "ಗೆಜ್ಜಿ ಕಟ್ಟಿದಂಗ ಆತಲ್ರೀ" ಎಂದು ನಕ್ಕು, ಎರಡೂ ಕಾಲಿಗೆ ಕಟ್ಟಿಕೊಂಡರು. ಮೊನ್ನೆ ಅವರು ರಾತ್ರಿ ಪಾಳಿಗೆ ಬರುವ ಹೊತ್ತಿಗೆ ಗಲ್ಲಿಯ ದೀಪ ಹೋಗಿತ್ತು. ನನ್ನ ಹೆಡ್‌ಲೈಟಿನ ತುದಿಯಲ್ಲಿ ಎರಡು ಬೆಳ್ಳಿ ಚುಕ್ಕೆ, ಒಂದು ಮೇಲೆ, ಒಂದು ಕೆಳಗೆ. ಸೈಕಲ್ ಇನ್ನೂ ಕಂಡಿರಲಿಲ್ಲ.