ಗರ್ಭಕೋಶದ ಒಳಪದರ ಮತ್ತೆ ಚಿಗುರೀತೇ?

ಸಿದ್ದಾಪುರದ ಕಡೆಯ ಗೆಳತಿ ಮೈಸೂರಿನಿಂದ ಬಂದವಳೇ ಸ್ಕ್ಯಾನಿಂಗ್ ಚೀಟಿ ಬಿಡಿಸಿದಳು. ಮಡಚಿ ಮಡಚಿ ಗೆರೆಬಿದ್ದ ಹಾಳೆಯಲ್ಲಿ ಪೆನ್ನಿನಿಂದ ಸುತ್ತುಹಾಕಿದ ಅಂಕಿ: 4 ಮಿ.ಮೀ. ಭ್ರೂಣ ನೆಲೆಯೂರಲು ಒಳಪದರ 7 ಮಿ.ಮೀ. ಆದರೂ ಇರಲಿ ಎನ್ನುತ್ತಾರೆ ವೈದ್ಯರು. "ಸ್ಟೆಮ್ ಸೆಲ್ ಹಾಕಿಸಿದ್ರೆ ಸರಿಹೋಗ್ತದಂತೆ, ಹೌದಾ?" ಎಂದಳು.

ತೋಟದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಹಳೆಯ ರೋಬಸ್ಟಾ ಕಾಫಿ ಗಿಡವನ್ನು ಮೋಟು ಕಡಿದರೂ ಬುಡದಲ್ಲಿ ಜೀವವಿದ್ದರೆ ಚಿಗುರುತ್ತದೆ. ಹಾಗೆಯೇ ಪ್ರತಿ ಮುಟ್ಟಿನಲ್ಲಿ ಗರ್ಭಕೋಶದ ಮೇಲ್ಪದರ ಉದುರುತ್ತದೆ, ಬುಡದ ಪದರ ಹೊಸದನ್ನು ಬೆಳೆಸುತ್ತದೆ. ಗರ್ಭಪಾತದ ನಂತರ 'ಕ್ಲೀನ್' ಮಾಡುವಾಗ ಆ ಬುಡಕ್ಕೇ ಪೆಟ್ಟಾದರೆ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮುಟ್ಟು ಕಡಿಮೆಯಾಗುತ್ತದೆ ಅಥವಾ ನಿಂತೇಹೋಗುತ್ತದೆ. ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯವೂ ದೊಡ್ಡ ಕಾರಣ.

1894ರಲ್ಲಿ ಜರ್ಮನಿಯ ಹೈನ್ರಿಕ್ ಫ್ರಿಟ್ಶ್ ಈ ಅಂಟಿಕೊಳ್ಳುವ ಕಾಯಿಲೆಯನ್ನು ಮೊದಲು ದಾಖಲಿಸಿದರು. 1948ರಲ್ಲಿ ಜೋಸೆಫ್ ಆಶರ್ಮನ್ 29 ಹೆಂಗಸರ ವಿವರ ಬರೆದ ಮೇಲೆ ಕಾಯಿಲೆಗೆ ಅವರದೇ ಹೆಸರು ಬಂತು. ಅಲ್ಲಿಯವರೆಗೆ, ಆಮೇಲೂ, ಎಷ್ಟು ಹೆಂಗಸರು 'ಬಂಜೆ' ಎಂಬ ಮಾತು ಹೊತ್ತು ಬದುಕಿದರೋ. ಅವರಿಗಿದ್ದದ್ದು ಒಂದು ಗಾಯ.

ದಾರಿ ತಿರುಗಿದ್ದು 2004ರಲ್ಲಿ. ಬೇರೆಯವರ ಅಸ್ಥಿಮಜ್ಜೆ ಪಡೆದಿದ್ದ ನಾಲ್ವರು ಹೆಂಗಸರ ಗರ್ಭಕೋಶದಲ್ಲಿ ದಾನಿಯ ಜೀವಕೋಶಗಳು ಸೇರಿಕೊಂಡಿದ್ದನ್ನು ಅಮೆರಿಕದ ಹ್ಯೂ ಟೇಲರ್ ತೋರಿಸಿದರು. ಮಜ್ಜೆಯ ಕಾಂಡಕೋಶ, ಅಂದರೆ ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್, ಅಷ್ಟು ದೂರ ಬಂದು ಕೂರುವುದಾದರೆ, ನಾವೇ ಒಯ್ದು ಬಿಟ್ಟರೆ? 2011ರಲ್ಲಿ ಅಹಮದಾಬಾದಿನ ವೈದ್ಯರು ಒಬ್ಬಾಕೆಗೆ ಅವಳದೇ ಮಜ್ಜೆಯ ಕೋಶ ಹಾಕಿದರು. ಐವಿಎಫ್‌ನಿಂದ (ಪ್ರನಾಳ ಶಿಶು ವಿಧಾನ) ಆಕೆ ಗರ್ಭಿಣಿಯಾದಳು. 2014ರಲ್ಲಿ ದೆಹಲಿಯ ಏಮ್ಸ್ ವರದಿಯ 6 ಮಂದಿಯಲ್ಲಿ 5 ಮಂದಿಗೆ ಮುಟ್ಟು ಮರಳಿತು. 2016ರಲ್ಲಿ ಸ್ಪೇನಿನ ತಂಡ 16 ಮಂದಿಯ ಫಲಿತಾಂಶ ಪ್ರಕಟಿಸಿತು.

ಭರವಸೆ ನಿಜ, ಆದರೆ ಸಂಖ್ಯೆ ತೀರಾ ಚಿಕ್ಕದು. ಆರು ಮಂದಿಯ ಫಲಿತಾಂಶ ನಂಬಿ ಒಂದು ವರ್ಷದ ಕಾಫಿ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಕಾಂಡಕೋಶ ಬಳಕೆ ಇನ್ನೂ ಸಂಶೋಧನೆಯೇ. ಅನುಮತಿ ಪಡೆದ, ನೋಂದಣಿಯಾದ ಪ್ರಯೋಗದಲ್ಲಷ್ಟೇ ನಡೆಯಬೇಕು. ಸದ್ಯಕ್ಕೆ ಕೈಯಲ್ಲಿರುವ ದಾರಿ ಹಿಸ್ಟರೋಸ್ಕೋಪಿ: ಕ್ಯಾಮೆರಾ ಇಳಿಸಿ, ಅಂಟು ಬಿಡಿಸಿ, ಆಮೇಲೆ ಒಳಪದರ ಬೆಳೆಸುವ ಹಾರ್ಮೋನು ಈಸ್ಟ್ರೋಜನ್ ಕೊಡುತ್ತಾರೆ. ಕ್ಷಯವಿದ್ದರೆ ಮೊದಲು ಅದಕ್ಕೆ ಔಷಧಿ.

ಅವಳ ಫೈಲನ್ನು ಇಬ್ಬರೂ ಕೂತು ಕೊನೆಯ ಹಾಳೆಯವರೆಗೆ ತಿರುವಿದೆವು. ಕ್ಷಯದ ಪರೀಕ್ಷೆಯ ವರದಿ ಎಲ್ಲೂ ಇರಲಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಮಡಿಕೇರಿಗೆ ಹೊರಟಿದ್ದಾಳೆ, ಜೊತೆಗೆ ನಾನೂ.